ನೈಋತ್ಯ ಮೂಲೆಯ ಮುಕ್ಕಾಲು ಇಂಚು

ಸೂರಿನ ತುದಿಯಿಂದ ಇಳಿಬಿಟ್ಟ ಟೇಪಿನ ಪಕ್ಕದಲ್ಲಿ ಮಟ್ಟ ನೋಡುವ ನೀರಿನ ಪೈಪು ಹಿಡಿದು ಓದಿದರೆ ಮೂರು ಮೂಲೆಗಳಲ್ಲಿ ಒಂದೇ ಅಳತೆ ಬಂತು. ನಾಲ್ಕನೆಯದರಲ್ಲಿ, ಅಂದರೆ ನೈಋತ್ಯದಲ್ಲಿ, ಮುಕ್ಕಾಲು ಇಂಚು ಕಡಿಮೆ. ಪೈಪಿನೊಳಗೆ ಗಾಳಿ ಸೇರಿರಬಹುದೆಂದು ನೀರು ಚೆಲ್ಲಿ ಮತ್ತೆ ತುಂಬಿಸಿದೆ. ಮತ್ತೆ ಮುಕ್ಕಾಲು ಇಂಚು. ಪೈಪಿನ ಇನ್ನೊಂದು ತುದಿ ಹಿಡಿದಿದ್ದ ವಾಚ್‌ಮನ್ ಮೇಲೆ ಅನುಮಾನ ಬಂದು ಅವನ ಜಾಗಕ್ಕೆ ನಾನು ಹೋದೆ, ನನ್ನ ಜಾಗಕ್ಕೆ ಅವನನ್ನು ಕಳಿಸಿದೆ. ಆಗಲೂ ಅಷ್ಟೇ.

ಇದು ಶಿಡ್ಲಘಟ್ಟದ ಒಂದು ರೇಷ್ಮೆ ಸೀರೆ ಮಳಿಗೆಯ ಚಾವಣಿ. ಆ ಕಟ್ಟಡ ಮುಗಿದ ಎರಡು ವರ್ಷಕ್ಕೆ ನಾನು ಸೈಟಿನ ಕೆಲಸ ಬಿಟ್ಟೆ. ಒಟ್ಟು ಹನ್ನೊಂದು ವರ್ಷ ವಾಸ್ತುಶಿಲ್ಪಿಯಾಗಿ ಚಿಕ್ಕಬಳ್ಳಾಪುರದ ಒಂದೇ ಕಚೇರಿಯಲ್ಲಿದ್ದೆ. ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಹೊಂದುವುದಿಲ್ಲ. ಆದರೆ ಮತ್ತೆ ಆ ಕೆಲಸಕ್ಕೆ ಹೋಗುವುದಿಲ್ಲವಾದ್ದರಿಂದ ಬೇರೆ ಪದವೂ ಸಿಗುತ್ತಿಲ್ಲ. ಬಿಟ್ಟ ಕಾರಣ ಮನೆಯದು, ಇಲ್ಲಿ ಬೇಕಿಲ್ಲ. ಈಗ ಅದೇ ಕಚೇರಿಗೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಫೋನ್ ಮಾಡಿ, ಸೈಟಿನಲ್ಲಿ ಯಾವುದನ್ನು ಮುಖ್ಯವಾಗಿ ನೋಡಿಕೊಳ್ಳಬೇಕು ಎಂದು ಕೇಳಿದರು. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಂಡುಬಿಡುತ್ತೇನೆ: ನಾನು ಅನುಮಾನದ ಸ್ವಭಾವದವಳು. ಸಿಮೆಂಟ್ ಚೀಲದ ಹೊಲಿಗೆ ನೋಡುತ್ತಿದ್ದೆ. ಮರಳನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಿದ್ದೆ. ಕಂಬದ ಬೊಡ್ಡೆಗೆ ಸುತ್ತಿಗೆಯಿಂದ ಕುಟ್ಟಿ ಕಿವಿಗೊಡುತ್ತಿದ್ದೆ. ಯಾವ ದಿನ ಯಾವ ಸೈಟಿನಲ್ಲಿದ್ದೆ, ಯಾರು ಏನಂದರು ಎಂದು ಪುಟ್ಟ ಡೈರಿಯಲ್ಲಿ ಬರೆದಿಡುತ್ತಿದ್ದೆ. ಸೈಟಿಗೆ ಹೋಗುವ ಹೆಂಗಸಿಗೆ ಇದು ಒಂದು ಮಟ್ಟಿಗೆ ರಕ್ಷಣೆ. "ಮೇಡಂ ನೋಡ್ಬಿಡ್ತಾರೆ ಕಣೋ" ಎಂದು ಗಾರೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಕಿವಿಗೆ ಬಿದ್ದಾಗ ನನಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನವನ್ನೂ ಅನುಮಾನಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಸೇರಿದ ಕಾಲಕ್ಕೆ ನಕ್ಷೆಗಳು ಕಾಗದದ ಮೇಲೇ ಸೈಟಿಗೆ ಹೋಗುತ್ತಿದ್ದವು. ಮೇಸ್ತ್ರಿಗಳು ಅವನ್ನು ಗೋಡೆಗೆ ಅಂಟಿಸಿ, ಸುಣ್ಣದ ಕೈಯಲ್ಲೇ ಬೆರಳಿಟ್ಟು ಓದುತ್ತಿದ್ದರು. ಆಮೇಲೆ ಎಲ್ಲವೂ ಫೋನಿಗೆ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಕಳಿಸಿದ ತಿದ್ದುಪಡಿ ಸಂಜೆಗೆ ಕಾಂಕ್ರೀಟಾಗಿ ನಿಂತಿರುತ್ತಿತ್ತು. ಕಂಬಿ ಕಟ್ಟಿದ್ದರ ಫೋಟೋ ಕೇಳಿದರೆ ಕಳಿಸುತ್ತಿದ್ದರು, ಆದರೆ ಅದು ಇದೇ ಕಟ್ಟಡದ್ದೋ ಹೋದ ವಾರದ ಇನ್ನೊಂದರದ್ದೋ ಹೇಳುವುದು ಕಷ್ಟ. ಅದಕ್ಕಾಗಿ ಕಂಬಿಯ ಪಕ್ಕದಲ್ಲಿ ಆ ದಿನದ ಪೇಪರ್ ಇಟ್ಟು ಫೋಟೋ ತೆಗೆಯಬೇಕೆಂದು ನಿಯಮ ಮಾಡಿದೆ. ಎಲ್ಲರೂ ನಕ್ಕರು, ಆದರೆ ಇಟ್ಟರು.

ಕಚೇರಿಯ ಹಿರಿಯರು ಶೇಷಾದ್ರಿ ಸರ್. ಮಾತು ಕಡಿಮೆ, ಸಹಿ ಬೇಗ. ನಾನು ಬರೆದ ಕಾಗದಗಳನ್ನು ಓದುತ್ತಿದ್ದರೋ ಇಲ್ಲವೋ ಹನ್ನೊಂದು ವರ್ಷದಲ್ಲಿ ನನಗೆ ತಿಳಿಯಲಿಲ್ಲ. ಓದದೆಯೇ ಎಲ್ಲ ತಿಳಿದಿದ್ದವರಂತೆ ಇರುತ್ತಿದ್ದರು. ಈ ಕಥೆಯಲ್ಲಿ ಅದೂ ಒಂದು ಪ್ರಶ್ನೆಯಾಗಿಯೇ ಉಳಿದಿದೆ.

ಪೂರ್ವ ಏಷ್ಯಾದ ಕಟ್ಟಡಗಳ ಹುಚ್ಚು ನಮ್ಮ ಕಡೆ ಮೊದಲು ಬಂದದ್ದು ಗೌರಿಬಿದನೂರಿನಲ್ಲಿ, ಕಾರ್ಖಾನೆಗಳಿಗೆ ಬಂದುಹೋಗುವ ವಿದೇಶಿ ಇಂಜಿನಿಯರುಗಳ ಕಾರಣದಿಂದ. ಹಿಂದೂಪುರದ ರಸ್ತೆಯಲ್ಲಿ ಲಾಡ್ಜ್ ಕಟ್ಟಿಸುತ್ತಿದ್ದವರೊಬ್ಬರು, ಜಪಾನಿನವರಿಗೆ ಮನೆಯಂತೆ ಅನ್ನಿಸಬೇಕು ಎಂದು ಕೇಳಿದರು. ನಾನು ಕೆಲಸಕ್ಕೆ ಸೇರಿ ಆಗ ಎರಡನೆಯ ವರ್ಷ. ಮರದ ಚೌಕಗಳಿಗೆ ಕಾಗದ ಅಂಟಿಸಿದ ಜಾರುಬಾಗಿಲುಗಳ ಬಗ್ಗೆ ಕಾಲೇಜಿನಲ್ಲಿ ಪ್ರಬಂಧ ಬರೆದಿದ್ದೆ. ಕಾಗದ ಇಲ್ಲಿ ಬಾಳುವುದಿಲ್ಲವೆಂದು ಬಿಳಿ ಅಕ್ರಿಲಿಕ್ ಹಾಳೆ ಹಾಕಿಸಿ, ರಸ್ತೆ ಕಡೆಯ ಕಿಟಕಿಗಳಿಗೆಲ್ಲ ಅದೇ ಚೌಕಟ್ಟು ಕೊಟ್ಟೆ. ಹಗಲು ನೋಡಿದರೆ ಬಹಳ ಚೆನ್ನಾಗಿತ್ತು. ದೀಪ ಹಾಕಿದ ಮೊದಲ ಸಂಜೆಯೇ ಒಳಗಿದ್ದವರು ಅಂಗಿ ಬದಲಿಸುವುದು, ತಲೆ ಬಾಚುವುದು, ಒಬ್ಬರು ದಂಡ ಹೊಡೆಯುವುದು ಎಲ್ಲ ನೆರಳಾಗಿ ರಸ್ತೆಗೆ ಕಾಣಿಸಿತು. ಎದುರಿನ ಟೀ ಅಂಗಡಿಯವರು ಬೆಂಚುಗಳನ್ನು ಲಾಡ್ಜಿನ ಕಡೆಗೆ ತಿರುಗಿಸಿ ಹಾಕಿದರು. ಮಾಲೀಕರು ಫೋನ್ ಮಾಡಿ, "ಮೇಡಂ, ನಾನು ಲಾಡ್ಜ್ ಕೇಳಿದ್ದೆ, ನೀವು ಟಾಕೀಸ್ ಕಟ್ಟಿಕೊಟ್ರಿ" ಅಂದರು. ಮರುವಾರ ಹೋದಾಗ ಪ್ರತಿ ಚೌಕಕ್ಕೂ ಒಳಗಿನಿಂದ ಹಳೆಯ ಪೇಪರ್ ಅಂಟಿಸಿದ್ದರು. ಜಪಾನಿನಲ್ಲಿ ಆ ಬಾಗಿಲು ಬೀದಿಗೆ ಮುಖ ಮಾಡಿರುವುದಿಲ್ಲ, ಮೊಗಸಾಲೆಗೋ ತೋಟಕ್ಕೋ ತೆರೆಯುತ್ತದೆ. ನನ್ನ ಪ್ರಬಂಧದಲ್ಲೇ ಆ ಸಾಲಿತ್ತು. ಬರೆದಿದ್ದೆ, ತಿಳಿದಿರಲಿಲ್ಲ.

ಆದ್ದರಿಂದ ಶಿಡ್ಲಘಟ್ಟದ ಮುನಿರಾಜು ಅವರು ಕಚೇರಿಗೆ ಬಂದಾಗ ನಾನು ಎಚ್ಚರದಿಂದಿದ್ದೆ. ಅವರದು ರೇಷ್ಮೆ ನೂಲಿನ ವ್ಯಾಪಾರ. ನೂಲು ತೆಗೆಯುವ ಯಂತ್ರ ನೋಡಲು ಚೀನಾಕ್ಕೆ ಹೋಗಿಬಂದಿದ್ದರು. ಫೋನಿನಲ್ಲಿ ಯಂತ್ರದ ಚಿತ್ರ ಎರಡೋ ಮೂರೋ ಇದ್ದವು, ಉಳಿದವೆಲ್ಲ ಸೂರುಗಳು.

"ಮಿಷನ್ ನೋಡಕ್ಕೆ ಹೋದೋನು ಈ ಸೂರು ನೋಡ್ಕೊಂಡು ನಿಂತ್ಬಿಟ್ಟೆ ಮೇಡಂ. ನೋಡಿ, ತುದಿ ಹೆಂಗೆ ಎದ್ದಿದೆ. ಸೀರೆ ಸೆರಗು ಹಿಡ್ದು ಎತ್ತಿದಂಗೆ. ಕೆಳಗೆ ಅಂಗಡಿ, ಮೇಲೆ ಆಫೀಸು, ಮೇಲೆ ಈ ಥರ ಸೂರು. ಆಗುತ್ತಾ ಇಲ್ವಾ, ಅಷ್ಟು ಹೇಳಿ."

ಮುನಿರಾಜು ಹೋದ ಮೇಲೆ ಶೇಷಾದ್ರಿ ಸರ್, "ಗಾಜಿನ ಪೆಟ್ಟಿಗೆ ಮೇಲೆ ಚೈನಾ ಟೋಪಿ ಇಟ್ರೆ ಮುಗೀತಲ್ಲಮ್ಮ. ಅದಕ್ಯಾಕೆ ಅಷ್ಟು ಯೋಚನೆ?" ಎಂದರು.

ಟೋಪಿ ಇಡಲು ನನಗೆ ಮನಸ್ಸಿರಲಿಲ್ಲ. ಆ ಸೂರು ಅಷ್ಟು ಮುಂದಕ್ಕೆ ಚಾಚುವುದಕ್ಕೆ ಕಾರಣವಿದೆ: ಮರದ ಕಂಬದ ಮೇಲೆ ಮಳೆ ಬೀಳಬಾರದು. ತುದಿ ಮೇಲಕ್ಕೆ ಬಾಗುವುದಕ್ಕೂ ಕಾರಣವಿದೆ: ಅಷ್ಟು ಚಾಚಿದರೂ ಒಳಗೆ ಬೆಳಕು ಬರಬೇಕು. ಅಂಗಡಿಗೂ ಬೇಕಾದ್ದು ಅದೇ. ನಮ್ಮ ಬಿಸಿಲಿಗೆ ಗಾಜಿನ ಮುಂದೆ ನೆರಳಿಲ್ಲದಿದ್ದರೆ ಇಟ್ಟ ಸೀರೆಯ ಬಣ್ಣ ಹೋಗುತ್ತದೆ. ಸುತ್ತ ಐದಡಿ ಸೂರು, ಅದರ ಕೆಳಗೆ ಜಗಲಿಯಂತೆ ಜನ ಕೂರುವ ಜಾಗ, ನಡುವೆ ತೆರೆದ ಅಂಗಳ. ನಾಲ್ಕು ಮೂಲೆಗಳೂ ಒಂದೇ ಸಮ. ಸೂರು ಕಾಂಕ್ರೀಟಿನದು. ಎದ್ದು ನಿಲ್ಲುವ ಮೂಲೆಗಳು ಮಾತ್ರ ಒಳಗೆ ಟೊಳ್ಳು, ಜಾಲರಿಗೆ ಸಿಮೆಂಟ್ ಮೆತ್ತಿ ಮಾಡಿದ ಹಗುರ ಆಕಾರ. ಚೀನಾದ ಹಳೆಯ ಮರಗೆಲಸದಲ್ಲಿ ಹೊರಗೆ ಚಾಚಿದ ತೊಲೆಯ ಹಿಂದಿನ ತುದಿಯ ಮೇಲೆ ಚಾವಣಿಯ ಭಾರ ಕೂತು ಮುಂದಿನ ತುದಿಯನ್ನು ಎತ್ತಿ ಹಿಡಿಯುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಕಾಂಕ್ರೀಟಿನ ಮೇಲ್ಭಾಗದ ಕಂಬಿ ಮಾಡಬೇಕು. ಚಾಚಿದ ಸೂರಿಗೆ ಕಂಬಿ ಮೇಲಿರಬೇಕು. ಕಾಲಿಟ್ಟು ತುಳಿದು ಕೆಳಗಿಳಿಸಿಬಿಟ್ಟರೆ ಒಂದು ದಿನ ಅದು ಮುರಿಯುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ.

ಕೇಳಿಸಿಕೊಂಡವರು ಚಿಂತಾಮಣಿಯ ಬಾಷಾ ಮೇಸ್ತ್ರಿ. ಐವತ್ತೈದರ ಆಸುಪಾಸಿನವರು. ಮನೆಯಲ್ಲಿ ಉರ್ದು, ಕೆಲಸದವರ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ. ಕಂಬಿ ಕಟ್ಟುವಾಗ ಹಲಗೆ ಹಾಸಿ ಅದರ ಮೇಲೇ ನಡೆಯಬೇಕೆಂದು ಅವರೇ ಹುಡುಗರಿಗೆ ಬಯ್ಯುತ್ತಿದ್ದರು.

"ಚಿನ್ನಗಾ ನಡವರಾ," ಮೆಲ್ಲಗೆ ನಡೆಯೋ ಎಂದು ತೆಲುಗಿನಲ್ಲಿ ಕೂಗಿ, ನನ್ನ ಕಡೆ ತಿರುಗಿ, "ಇವರಪ್ಪ ಇವನಿಗೆ ನಡಿಯೋದು ಕಲಿಸ್ಲಿಲ್ಲ ಮೇಡಂ, ನಾನು ಕಲಿಸ್ಬೇಕು" ಎನ್ನುತ್ತಿದ್ದರು.

ಆದರೂ ನನಗೆ ಅವರ ಮೇಲೆ ಅನುಮಾನವಿತ್ತು. ಮೌಲ್ಡ್ ಹಾಕುವ ದಿನ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ದಿನ, ಕೆಲಸ ನೈಋತ್ಯ ಮೂಲೆಗೆ ಬರುವ ಹೊತ್ತಿಗೆ ಮುನಿರಾಜು ಅವರ ಅಕ್ಕ ಲಕ್ಷ್ಮೀದೇವಮ್ಮ ನನ್ನನ್ನು ಊಟಕ್ಕೆ ಕರೆದರು. ಇನ್ನೊಂದರ್ಧ ಗಂಟೆ ಎಂದರೂ ಬಿಡಲಿಲ್ಲ. "ಮೌಲ್ಡ್ ದಿನ ಹೆಣ್ಮಗಳು ಹಸ್ಕೊಂಡಿರಬಾರದು ಕಣಮ್ಮ" ಎಂದು ಎಲೆಯ ಮುಂದೆ ಕೂರಿಸಿದರು. ನಲವತ್ತು ನಿಮಿಷ. ಮೇಲೆ ಹೋದಾಗ ಮೂಲೆ ತುಂಬಿತ್ತು. ಡೈರಿಯಲ್ಲಿ ಬರೆದೆ: ನೈಋತ್ಯ, ನಾನು ನೋಡಲಿಲ್ಲ. ಮರುದಿನ ಒಂದು ಆಟೋದಲ್ಲಿ ಕತ್ತರಿಸಿದ ಕಂಬಿ ತುಂಡುಗಳು ಚಿಂತಾಮಣಿ ರಸ್ತೆಯ ಕಡೆ ಹೋದದ್ದನ್ನು ಕಂಡೆ. ಅದನ್ನೂ ಬರೆದೆ. ಎರಡು ಸಾಲುಗಳೂ ಒಂದೇ ಪುಟದಲ್ಲಿದ್ದವು, ಒಂದರ ಕೆಳಗೊಂದು.

ಕಾಂಕ್ರೀಟಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಬಿಚ್ಚಿ, ಜಾಲರಿಯ ಮೂಲೆಗಳೂ ಮುಗಿದು, ಎರಡು ತಿಂಗಳಾದ ಮೇಲೆ ನೀರಿನ ಪೈಪಿನಲ್ಲಿ ಆ ಮುಕ್ಕಾಲು ಇಂಚು ಕಂಡಾಗ ನನ್ನ ಮನಸ್ಸು ನೇರವಾಗಿ ಆ ಪುಟಕ್ಕೆ ಹೋಯಿತು. ಕಂಬಿ ಕಡಿಮೆ ಹಾಕಿದ್ದಾರೆ, ಇಲ್ಲವೇ ತುಳಿದು ಕೆಳಗಿಳಿಸಿದ್ದಾರೆ. ಊಟಕ್ಕೆ ಕರೆಸಿದ್ದೂ ಅದಕ್ಕೇ ಇರಬಹುದು.

ಬಾಷಾ ಮೇಸ್ತ್ರಿಯನ್ನು ಕರೆದು ಕೇಳಿದೆ.

"ಕಂಬಿ ಮೇಲೇ ಇದೆ ಮೇಡಂ. ಒಡ್ದು ನೋಡಿ ಬೇಕಾದ್ರೆ."

"ಮತ್ತೆ ಯಾಕೆ ಇಳೀತು?"

ಅವರು ಸೂರಿನ ಕಡೆ ನೋಡಿದರು, ಮಾಲೀಕರ ಕಾರು ನಿಂತಿದ್ದ ಕಡೆ ನೋಡಿದರು. "ನಾನೇನು ಹೇಳ್ಲಿ. ಒಡ್ದು ನೋಡಿ" ಎಂದು ಅಷ್ಟನ್ನೇ ಮತ್ತೆ ಹೇಳಿದರು.

"ಕಂಬಿ ತುಂಡು ಆಟೋದಲ್ಲಿ ಎಲ್ಲಿಗೆ ಹೋಯ್ತು?"

"ಗುಜರಿಗೆ. ಓನರೇ ಮಾರಿದ್ದು, ಕೇಳಿ ಅವರನ್ನ." ಹೋಗಲು ಹೊರಟವರು ತಿರುಗಿ, "ಇಪ್ಪತ್ತು ವರ್ಷ ಆಯ್ತು ಮೇಡಂ ಮೌಲ್ಡ್ ಹಾಕ್ತಾ. ಇಂಥ ಮಾತು ಯಾರೂ ಕೇಳಿಲ್ಲ" ಎಂದರು.

ನಾನು ಒಡೆದು ನೋಡಲಿಲ್ಲ. ಒಡೆದರೆ ಮೂಲೆ ಇನ್ನಷ್ಟು ದುರ್ಬಲವಾಗುತ್ತದೆ ಎಂಬುದು ನಾನು ಆಗ ಕೊಟ್ಟುಕೊಂಡ ಕಾರಣ. ಉತ್ತರ ಮೊದಲೇ ಗೊತ್ತಿದೆ ಎಂದುಕೊಂಡಿದ್ದೆ ಎಂಬುದು ನಿಜವಾದ ಕಾರಣ. ಆ ದಿನವೇ ಕಾಗದ ಬರೆದೆ: ನೈಋತ್ಯ ಮೂಲೆಯ ಕಂಬಿ ನಕ್ಷೆಯ ಪ್ರಕಾರ ಇಲ್ಲ, ಮೇಸ್ತ್ರಿಯ ಹೊಣೆ, ಅವರನ್ನು ಕೆಲಸದಿಂದ ಬಿಡಿಸಿ ಬೇರೆಯವರಿಂದ ದುರಸ್ತಿ ಮಾಡಿಸುವುದು. ಶೇಷಾದ್ರಿ ಸರ್ ಪೆನ್ನು ತೆಗೆದು, ಸಹಿ ಮಾಡುವ ಮೊದಲು ಒಂದು ಕ್ಷಣ ತಡೆದು, "ಕಾಗದವೇ ಬೇಕಾ?" ಎಂದು ಕೇಳಿದರು. ಬೇಕು ಎಂದೆ. ಸಹಿ ಹಾಕಿದರು.

ಮುನಿರಾಜು ಕಾಗದ ಓದಿ, "ಸರಿ ಮೇಡಂ, ನೀವು ಹೇಳಿದಂಗೆ" ಎಂದು ಮಡಚಿ ಜೇಬಿಗೆ ಹಾಕಿಕೊಂಡರು. ಎರಡು ವರ್ಷ ಜೊತೆಗಿದ್ದ ಮೇಸ್ತ್ರಿಯ ಪರವಾಗಿ ಒಂದು ಮಾತೂ ಇಲ್ಲ. ಅದು ವಿಚಿತ್ರ ಅನ್ನಿಸಿತು, ಆದರೆ ಆ ವಿಚಿತ್ರವನ್ನೂ ಮೇಸ್ತ್ರಿಯ ವಿರುದ್ಧವೇ ಲೆಕ್ಕ ಹಾಕಿದೆ. ಅವರಿಗೂ ಗೊತ್ತಿದ್ದಿರಬೇಕು, ಅದಕ್ಕೆ ಸುಮ್ಮನಿದ್ದಾರೆ ಎಂದುಕೊಂಡೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಕಟ್ಟಡದವರ ಲೋಕ ಚಿಕ್ಕದು. ಹತ್ತು ದಿನದಲ್ಲಿ ಸುದ್ದಿ ಹರಡಿತು. ಸೂರು ಇಳಿಸಿದ ಮೇಸ್ತ್ರಿ ಎಂದು ಹೆಸರು ಬಂದು ಕೈಗೆ ಬಂದಿದ್ದ ಎರಡು ಚಾವಣಿ ಕೆಲಸಗಳು ತಪ್ಪಿದವೆಂದೂ, ಈಗ ಬೆಳಿಗ್ಗೆ ಚಿಂತಾಮಣಿಯ ಸರ್ಕಲ್ಲಿನಲ್ಲಿ ದಿನಗೂಲಿಯವರ ಜೊತೆ ನಿಲ್ಲುತ್ತಾರೆಂದೂ ಕೇಳಿದೆ. ಹೇಳಿದವರು ಹೊಸ ಮೇಸ್ತ್ರಿ. ಅವರು ಅದನ್ನು ಸಂತೋಷದಿಂದೇನೂ ಹೇಳಲಿಲ್ಲ.

ಮೂರು ವಾರದ ಮೇಲೆ ಅಳೆದರೆ ಮುಕ್ಕಾಲು ಇಂಚು ಒಂದು ಇಂಚಾಗಿತ್ತು. ಸೂರಿನ ಮೇಲ್ಮುಖದಲ್ಲಿ ಕೂದಲಿನಷ್ಟು ತೆಳುವಾದ ಬಿರುಕು. ಅಂಗಡಿ ತೆರೆಯುವ ದಿನ ಗೊತ್ತುಮಾಡಿ ಆಗಿತ್ತು. ಆ ಮೂಲೆಯ ಕೆಳಗೇ ಜನ ಚಪ್ಪಲಿ ಬಿಟ್ಟು ಒಳಗೆ ಹೋಗುವ ಮೆಟ್ಟಿಲು. ದುರಸ್ತಿಗೆ ಎಲ್ಲಿ ಒಡೆಯಲಿ ಎಂದು ಹೊಸ ಮೇಸ್ತ್ರಿ ಕೇಳಿದ್ದರಿಂದ, ಕಾಂಕ್ರೀಟಿನೊಳಗೆ ಕಂಬಿ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಯಂತ್ರವನ್ನು ಬೆಂಗಳೂರಿನಿಂದ ಬಾಡಿಗೆಗೆ ತರಿಸಿದೆ. ಅಂಗೈ ಅಗಲದ ಯಂತ್ರ. ಕಂಬಿಯ ಮೇಲೆ ಬಂದಾಗ ಕೀಂ ಎನ್ನುತ್ತದೆ.

ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಚಾವಣಿಯ ಮೇಲೆ ಮಂಡಿಯೂರಿ ಅದನ್ನು ಎಳೆದೆ. ಕಂಬಿ ಇತ್ತು. ಮೇಲ್ಭಾಗದಲ್ಲೇ ಇತ್ತು. ನಕ್ಷೆಯಲ್ಲಿ ನಾನು ಬರೆದ ಅಂತರದಲ್ಲೇ, ಒಂದೂ ಕಡಿಮೆಯಿಲ್ಲದೆ ಇತ್ತು. ಯಂತ್ರದ ಮೇಲೆ ಅನುಮಾನಪಟ್ಟು ಈಶಾನ್ಯಕ್ಕೆ ಹೋಗಿ ಎಳೆದೆ, ಹಿಂದಿರುಗಿ ಮತ್ತೆ ಎಳೆದೆ. ಎರಡು ಕಡೆಯೂ ಒಂದೇ ತೆರನಾಗಿ ಕೂಗಿತು.

ಹಾಗಾದರೆ ಭಾರ ಎಲ್ಲಿಂದ ಬಂತು? ಸುತ್ತಿಗೆ ತೆಗೆದು ಎದ್ದು ನಿಂತ ಮೂಲೆಯ ಆಕಾರಕ್ಕೆ ಕುಟ್ಟಿದೆ. ಈಶಾನ್ಯ ಡೋಲಿನಂತೆ ಸದ್ದು ಮಾಡಿತು. ವಾಯವ್ಯ, ಆಗ್ನೇಯವೂ ಹಾಗೇ. ನೈಋತ್ಯ ಬಂಡೆಗೆ ಕುಟ್ಟಿದಂತಿತ್ತು. ಕೆಳಗಿನಿಂದ ಎಲ್ಲ ಕಂಬಗಳಿಗೂ ಕುಟ್ಟಿದ್ದವಳು ನಾನು. ಮೇಲಿನಿಂದ ಒಮ್ಮೆಯೂ ಕುಟ್ಟಿರಲಿಲ್ಲ.

ಸದ್ದು ಕೇಳಿ ಲಕ್ಷ್ಮೀದೇವಮ್ಮ ಮೆಟ್ಟಿಲು ಹತ್ತಿ ಬಂದರು. ಅರವತ್ತು ದಾಟಿದ ಹೆಂಗಸು, ಸೆರಗು ತಲೆಗೆ ಹೊದ್ದು ನೆರಳು ಮಾಡಿಕೊಂಡಿದ್ದರು.

"ಯಾಕಮ್ಮ ಅದನ್ನ ಕುಟ್ತಾ ಇದೀಯ?"

"ಇದರೊಳಗೆ ಏನಿದೆ ಅಮ್ಮ?"

"ಕಲ್ಲು. ಸೈಜುಗಲ್ಲು, ಮೇಲೆ ಕಾಂಕ್ರೀಟು." ಕದ್ದುಮುಚ್ಚುವ ದನಿಯೇ ಅಲ್ಲ. "ನೈಋತ್ಯ ಟೊಳ್ಳಾಗಿ ಬಿಡ್ತಾರಾ ಯಾರಾದ್ರೂ? ಮನೆಗಾಗ್ಲಿ ಅಂಗಡಿಗಾಗ್ಲಿ ಆ ಮೂಲೆ ಭಾರ ಇರ್ಬೇಕು. ನೀನು ನಾಲ್ಕೂ ಒಂದೇ ಸಮ ಅಂದೆ. ನಿನ್ನ ಕೇಳಿದ್ರೆ ಒಪ್ತೀಯಾ? ಜಾಲರಿ ಕೆಲಸ ನಡೀವಾಗ ನೀನು ಎರಡು ದಿನ ಬೇರೆ ಸೈಟು ಅಂತ ಗೌರಿಬಿದನೂರಿಗೆ ಹೋಗಿದ್ಯಲ್ಲ, ಆವಾಗ ನಾನೇ ನಿಂತು ತುಂಬಿಸ್ದೆ."

"ಬಾಷಾ ಮೇಸ್ತ್ರಿ ಬೇಡ ಅನ್ಲಿಲ್ವಾ?"

"ಅಂದ. ತೂಕ ಜಾಸ್ತಿ ಆಗುತ್ತೆ ಅಮ್ಮಾ, ಮೇಡಂನ ಕೇಳೋಣ ಅಂದ. ಅವಳಿಗೆ ಹೇಳಕೂಡದು ಅಂತ ಮಾತು ತಗೊಂಡೆ. ನಮ್ಮ ಶಾಸ್ತ್ರದ ವಿಷಯ ನಿನಗ್ಯಾಕಪ್ಪ ಅಂತಾನೂ ಅಂದೆ. ಆಮೇಲೆ ಬಾಯಿ ಬಿಡ್ಲಿಲ್ಲ, ಪಾಪ."

ಅವರು "ಪಾಪ" ಎಂದ ರೀತಿಯಲ್ಲಿ ಕೆಟ್ಟತನವಿರಲಿಲ್ಲ. ಬಾಷಾ ಮೇಸ್ತ್ರಿ ಯಾಕೆ ಬಾಯಿ ಬಿಡಲಿಲ್ಲ ಎಂಬುದು ನನಗೆ ಅಲ್ಲೇ, ಆ ಬಿಸಿಲಿನಲ್ಲೇ ಅರ್ಥವಾಯಿತು. ಕೊಟ್ಟ ಮಾತು ಒಂದು. ಇನ್ನೊಂದು, ಆ ಮನೆಯವರ ಶಾಸ್ತ್ರದಿಂದ ಸೂರು ಇಳಿಯಿತು ಎಂದು ಅವರ ಬಾಯಿಂದ ಹೊರಟರೆ ಅದು ಸೂರಿನ ಮಾತಾಗಿ ಉಳಿಯುತ್ತಿರಲಿಲ್ಲ. ನನ್ನೆದುರು ಅವರು ಹೇಳಬಹುದಾಗಿದ್ದದ್ದು ಒಂದೇ: ಒಡೆದು ನೋಡಿ.

"ಅಮ್ಮ, ಏತ ನೋಡಿದ್ದೀರಲ್ಲ," ಎಂದೆ.

"ನಮ್ಮ ಬಾವಿಗೇ ಇತ್ತು."

"ಏತದ ಹಿಂದಿನ ತುದಿಗೆ ಕಲ್ಲು ಕಟ್ಟಿದ್ರೆ ನೀರು ಮೇಲೆ ಬರುತ್ತೆ. ಮುಂದಿನ ತುದಿಗೆ ಕಟ್ಟಿದ್ರೆ?"

ಅವರು ಸ್ವಲ್ಪ ಹೊತ್ತು ಸೂರಿನ ಉದ್ದಕ್ಕೂ ಕಣ್ಣಾಡಿಸಿದರು. "ಬಾವಿಗೆ ಬೀಳುತ್ತೆ," ಎಂದರು. ಆಮೇಲೆ, "ಕೆಳಗೆ ಮೆಟ್ಲಿದೆ" ಎಂದು ತಮಗೆ ತಾವೇ ಹೇಳಿಕೊಂಡು ಕೆಳಗಿಳಿದರು.

ಸಂಜೆಯೊಳಗೆ ಆ ಮೂಲೆಗೆ ಕಬ್ಬಿಣದ ಜಾಕಿಗಳ ಆಸರೆ ಕೊಡಿಸಿ, ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿಸಿದೆ. ಮುನಿರಾಜು ಬಂದು ಜಾಕಿಗಳನ್ನು ನೋಡಿ, ಓಪನಿಂಗ್ ಫೋಟೋದಲ್ಲಿ ಇವು ಹೇಗೆ ಕಾಣುತ್ತವೆ ಎಂದು ಶುರು ಮಾಡಿದರು. "ಸುಮ್ನಿರೋ, ಕಲ್ಲು ಇಳಿಸಲಿ" ಎಂದು ಅಕ್ಕನೇ ಅಡ್ಡಬಂದರು. ಆ ಕಲ್ಲುಗಳನ್ನು ಆಮೇಲೆ ಅದೇ ಮೂಲೆಯ ಕೆಳಗೆ, ನೆಲದ ಮೇಲೆ, ಗಟ್ಟಿ ಜಗಲಿಯಾಗಿ ಕಟ್ಟಿದೆವು. ಭಾರ ನೆಲದ ಮೇಲಿದ್ದರೂ ಭಾರವೇ ಎಂದು ಲಕ್ಷ್ಮೀದೇವಮ್ಮ ಒಪ್ಪಿದರು. ಸೂರು ಹಗುರಾಯಿತು. ಆ ಕಟ್ಟಡದಲ್ಲಿ ನನಗೆ ಇವತ್ತೂ ಸರಿ ಅನ್ನಿಸುವ ಜಾಗ ಅದೊಂದೇ, ಅದು ನನ್ನ ನಕ್ಷೆಯಲ್ಲಿರಲಿಲ್ಲ. ಹೊಸಬರಿಗೆ ಹೇಳಬೇಕಾದ್ದು ಇದು: ಚೀನಾದ ಸೂರು, ಜಪಾನಿನ ಬಾಗಿಲು ಏನೇ ತನ್ನಿ, ಅದನ್ನು ಕಟ್ಟಿಸುವ ಮನೆಯವರು ನಕ್ಷೆಯಲ್ಲಿಲ್ಲದ ಒಂದು ನಕ್ಷೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಇರುತ್ತಾರೆ. ಅದನ್ನು ಮೊದಲೇ ಕೇಳಿ. ಕೇಳಿದರೆ ಒಪ್ಪುವುದಿಲ್ಲ ಎಂಬ ಹೆಸರು ನಿಮಗೆ ಬರದ ಹಾಗೆ ನೋಡಿಕೊಳ್ಳಿ.

"ನಿಮಗೆ ಗೊತ್ತಿತ್ತು," ಎಂದು ನಾನು ಮುನಿರಾಜು ಅವರಿಗೆ ಹೇಳಿದೆ. "ನನ್ನ ಕಾಗದ ಓದಿದಾಗ ನಿಮಗೆ ಗೊತ್ತಿತ್ತು."

"ಅಕ್ಕಯ್ಯನ ಹೆಸರು ಹೆಂಗೆ ಹೇಳ್ಲಿ ಮೇಡಂ?" ಎಂದರು. "ಮೇಸ್ತ್ರಿಗೇನು, ಇನ್ನೊಂದು ಕಡೆ ಕೆಲಸ ಸಿಗುತ್ತೆ ಅಂದ್ಕೊಂಡೆ."

ಚಿಕ್ಕಬಳ್ಳಾಪುರಕ್ಕೆ ಬಂದು ಕಚೇರಿಯಲ್ಲಿ ಶೇಷಾದ್ರಿ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಫೋನ್ ಮಾಡಿ ಹೇಳ್ಬಿಡಮ್ಮ ಆ ಮೇಸ್ತ್ರಿಗೆ. ತಪ್ಪಾಯ್ತು, ಬನ್ನಿ ಅಂತ. ಬರ್ತಾನೆ."

"ಕಾಗದದಲ್ಲಿ ಹೊರಗೆ ಹಾಕಿದ್ದೀವಿ ಸರ್. ಕಾಗದದಲ್ಲೇ ಹೇಳ್ಬೇಕು."

"ನಮ್ದೇ ತಪ್ಪು ಅಂತ ಬರ್ಕೊಟ್ಟ ಮೇಲೆ ಆ ಮೂಲೆಗೆ ನಾಳೆ ಏನಾದ್ರೂ ಆದ್ರೆ ಯಾರ ತಲೆ ಮೇಲೆ ಬರುತ್ತೆ? ಈ ಆಫೀಸಿನ ಸಹಿ ಇದೆ ಅದರಲ್ಲಿ."

"ನಿಮಗೆ ಮೊದಲೇ ಗೊತ್ತಿತ್ತಾ ಸರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿರಲಿಲ್ಲ. ಈ ಕಡೆಯೋರು ನೈಋತ್ಯನ ಟೊಳ್ಳು ಬಿಡಲ್ಲ ಅಂತ ಒಂದು ಅನುಮಾನ ಇತ್ತು. ನೀನು ಕೇಳಲಿಲ್ಲ."

ಅದು ನಿಜವೋ, ಆಮೇಲೆ ಹೊಂದಿಸಿಕೊಂಡ ಮಾತೋ ನನಗೆ ಈಗಲೂ ಗೊತ್ತಿಲ್ಲ. ಕಚೇರಿಯ ಸಹಿ ಕೊಡುವುದಿಲ್ಲ, ನಿನ್ನ ಹೆಸರಲ್ಲಿ ಬರೆದುಕೋ, ಮುಂದೆ ಏನಾದರೂ ಆದರೆ ಅದು ನಿನ್ನದು ಎಂದರು. ನನ್ನ ನೋಂದಣಿ ಸಂಖ್ಯೆ ಹಾಕಿ ಬರೆದೆ. ಮೂರು ಸಾಲು: ಕಂಬಿ ನಕ್ಷೆಯ ಪ್ರಕಾರ ಸರಿಯಾಗಿದೆ. ಸೂರು ಇಳಿದದ್ದು ಆಮೇಲೆ ತುಂಬಿದ ಭಾರದಿಂದ. ಬಾಷಾ ಮೇಸ್ತ್ರಿಯ ಕೆಲಸದಲ್ಲಿ ದೋಷವಿದೆ ಎಂದು ಪರೀಕ್ಷಿಸದೆ ಬರೆದದ್ದು ನನ್ನ ತಪ್ಪು. ಯಾರು ತುಂಬಿಸಿದರು ಎಂದು ಬರೆಯಲಿಲ್ಲ. ಅದನ್ನು ಹೇಳುವುದೂ ಬಿಡುವುದೂ ಮೇಸ್ತ್ರಿಗೆ ಬಿಟ್ಟ ಮಾತು ಅನ್ನಿಸಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಚಿಂತಾಮಣಿಗೆ ಹೋದೆ. ಏಳು ಗಂಟೆಗೆ ಸರ್ಕಲ್ಲಿನ ಪಕ್ಕದಲ್ಲಿ ಮೂವತ್ತು ನಲವತ್ತು ಜನ ನಿಂತಿದ್ದರು. ಕರಣಿ, ಸನಿಕೆ, ಬಣ್ಣದ ಡಬ್ಬಿ ಹಿಡಿದವರು. ಬಾಷಾ ಮೇಸ್ತ್ರಿ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ. ಪಕ್ಕಕ್ಕೆ ಕರೆದು ಕಾಗದ ಕೊಡಬೇಕೆಂದುಕೊಂಡಿದ್ದೆ.

"ಮೇಸ್ತ್ರಿ, ಸ್ವಲ್ಪ ಈ ಕಡೆ ಬರ್ತೀರಾ?"

"ಇಲ್ಲೇ ಹೇಳಿ ಮೇಡಂ."

ಕಾಗದ ಚಾಚಿದೆ. ಅವರು ತೆಗೆದುಕೊಂಡು, ಬಿಡಿಸಿ, ನನ್ನ ಕೈಗೇ ವಾಪಸು ಕೊಟ್ಟರು.

"ನಂಗೆ ಕನ್ನಡ ಓದಕ್ಕೆ ಬರಲ್ಲ. ಓದಿ."

ಸುತ್ತಲಿದ್ದವರು ಹತ್ತಿರ ಸರಿದು ನಿಂತರು. ಮೊದಲ ಸಾಲು ನನಗೇ ಕೇಳಿಸದಷ್ಟು ಮೆಲ್ಲಗೆ ಬಂತು. "ಜೋರಾಗಿ ಓದಿ ಮೇಡಂ, ಮೊದಲ್ನೇ ಕಾಗದಾನೂ ಎಲ್ರಿಗೂ ಕೇಳ್ಸಿತ್ತು" ಎಂದು ಯಾರೋ ಹಿಂದಿನಿಂದ ಅಂದರು. ಮತ್ತೆ ಮೊದಲಿನಿಂದ ಓದಿದೆ. ಮೂರೂ ಸಾಲು, ಕೆಳಗಿನ ನನ್ನ ಹೆಸರು, ನೋಂದಣಿ ಸಂಖ್ಯೆ ಎಲ್ಲ.

ಬಾಷಾ ಮೇಸ್ತ್ರಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಪಕ್ಕದಲ್ಲಿ ನಿಂತಿದ್ದ ಟೈಲ್ಸ್ ಕೆಲಸದ ನಡುವಯಸ್ಸಿನವರೊಬ್ಬರಿಗೆ ಚಾಚಿದರು.

"ಈಯಮ್ಮ ಓದಿದ್ದೇ ಇದರಲ್ಲಿ ಇದೆಯಾ, ನೋಡಪ್ಪ."

ಅವರು ಕೈ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದೇ ಪದದ ಮೇಲೆ ಬೆರಳಿಟ್ಟು ಮೊದಲಿನಿಂದ ಓದತೊಡಗಿದರು. ಅವರು ಓದಿ ಮುಗಿಸುವವರೆಗೂ ನಾನು ಅಲ್ಲೇ ನಿಂತೆ.